ಉಸಿರೂ ನುಡಿಯೂ

ಕನ್ನಡದಲ್ಲಿ ‘ಉಸಿರ್’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಶ್ವಾಸ, ಇನ್ನೊಂದು ನುಡಿಯುವುದು. ಹಳಗನ್ನಡದ ಕವಿ ‘ಉಸಿರ್ದಂ’ ಎಂದರೆ ‘ಹೇಳಿದನು’ ಎಂದು ತಿಳಿಯಬೇಕಾದ ಸಂದರ್ಭಗಳು ಹಲವು. ಇಂದಿಗೂ ‘ಉಸಿರೆತ್ತಬೇಡ’ ಎಂದರೆ ಮಾತನಾಡಬೇಡವೆಂದೇ ಹೊರತು ಶ್ವಾಸ ಬಿಡಬೇಡವೆಂದಲ್ಲ. ತರಗತಿಯಲ್ಲಿ ಇದನ್ನು ಶಬ್ದಾರ್ಥದ ಒಂದು ಸೊಗಸೆಂದು ತೋರಿಸಿ ಮುಂದೆ ಸಾಗುವುದು ನಮ್ಮಂಥ ಅಧ್ಯಾಪಕರ ವಾಡಿಕೆ. ಆದರೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಇದು ಸೊಗಸಿನ ಮಾತಾಗಿ ಉಳಿಯುವುದಿಲ್ಲ. ಉಸಿರಾಟ ಕೈಕೊಟ್ಟ ರೋಗಿಗೆ ಯಂತ್ರದಿಂದ ಗಾಳಿಯೂಡಬೇಕಾದರೆ ಸಾಮಾನ್ಯವಾಗಿ ಬಾಯಿಯ ಮೂಲಕ ಒಂದು ನಳಿಕೆಯನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಆ ನಳಿಕೆ ಧ್ವನಿತಂತುಗಳ ನಡುವೆಯೇ ಹಾದುಹೋಗಬೇಕು. ಹೀಗಾಗಿ ಯಂತ್ರವು ಉಸಿರನ್ನು ಕೊಟ್ಟ ಗಳಿಗೆಯಲ್ಲಿಯೇ ನುಡಿಯನ್ನು ತೆಗೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ರೋಗಿಯ ಪರವಾಗಿ ಮಾತನಾಡತಕ್ಕವರು ಬಾಗಿಲ ಹೊರಗೆ ನಿಂತ ಮನೆಯವರು. ಅವರಿಗಾದರೂ ಮಾತುಂಟೆ ಎಂಬುದೇ ನನ್ನ ಪ್ರಶ್ನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಬದುಕುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಶಹಾಬಾದದ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳಿಗೆ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸುಣ್ಣದಕಲ್ಲು ಸಿಮೆಂಟಾಗಿ ನಗರಗಳನ್ನು ಕಟ್ಟಿದೆ. ಕಲ್ಲು ಎತ್ತುವಲ್ಲಿ, ಸೀಳುವಲ್ಲಿ, ಅರೆಯುವಲ್ಲಿ ಏಳುವ ಧೂಳು ಮಾತ್ರ ಇಲ್ಲಿಯೇ ಉಳಿಯುತ್ತದೆ. ಉಳಿದ ನೆಲವೆಲ್ಲ ಬಹುಮಟ್ಟಿಗೆ ತೊಗರಿಯದು. ತೊಗರಿ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕದ ಹುಳ ಬೀಳುತ್ತದೆ. ರೈತರು ಬೆನ್ನಿಗೆ ಪಂಪು ಕಟ್ಟಿಕೊಂಡು ‘ಎಣ್ಣಿ’ ಹೊಡೆಯುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎಂಬುದೇ ಹೆಸರು. ಹೊಡೆಯುವಾಗ ಮೈಗೇರುವುದೂ ಉಂಟು. ಸಾಲದ ಸಂಕಟದಲ್ಲಿ ಅದೇ ಡಬ್ಬಿಗೆ ಕೈಹಾಕುವವರೂ ಉಂಟು. ಮಳೆಗಾಲದ ರಾತ್ರಿಗಳಲ್ಲಿ ಕಟ್ಟುಹಾವಿನ ಭಯ ಬೇರೆ. ಇವೆಲ್ಲದರ ಕೊನೆಯ ಪೆಟ್ಟು ಬೀಳುವುದು ಉಸಿರಿನ ಮೇಲೆ. ‘ದಮ್ಮು ಹತ್ಯಾದ’ ಎಂದು ಯಾರಾದರೂ ಹೇಳಿದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಚಿಂಚೋಳಿಯಿಂದ ಕಲಬುರಗಿಗೆ ಸುಮಾರು ೮೦ ಕಿಲೋಮೀಟರು ಹಾದಿ. ಅದರಾಚೆ ಹೈದರಾಬಾದು ಇಲ್ಲವೆ ಸೊಲ್ಲಾಪುರ.

ವೆಂಟಿಲೇಟರ್ ಎಂಬ ಮಾತು ಈ ಸೀಮೆಯ ಹಳ್ಳಿಹಳ್ಳಿಗೂ ಹೊಕ್ಕದ್ದು ೨೦೨೦ರಲ್ಲಿ. ಆ ವರ್ಷದ ಮಾರ್ಚ್ ೧೦ರಂದು ತೀರಿಕೊಂಡ ಕಲಬುರಗಿಯ ಒಬ್ಬ ವೃದ್ಧರ ಸಾವು ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲನೆಯ ಸಾವೆಂದು ದಾಖಲಾಯಿತು. ಮುಂದಿನ ಎರಡು ವರ್ಷ ಜನ ದಿನವೂ ಕೇಳಿದ್ದು ಒಂದೇ ವಾಕ್ಯ: ‘ಮಷಿನ್ನಿಗೆ ಹಾಕ್ಯಾರ.’ ಅದರ ಮರುವಾಕ್ಯವೂ ಬಹಳ ಸಲ ಒಂದೇ ಆಗಿತ್ತು. ಹೀಗೆ ನಮ್ಮಲ್ಲಿ ಈ ಯಂತ್ರ ಸಾವಿನ ಬಾಗಿಲು ಎಂಬ ಅರ್ಥವನ್ನು ಪಡೆಯಿತು. ಶಬ್ದಕ್ಕೆ ಅನುಭವ ಕೊಟ್ಟ ಅರ್ಥವನ್ನು ನಿಘಂಟಿನಿಂದ ಅಳಿಸಲಾಗುವುದಿಲ್ಲ. ಆದರೆ ಆ ಅರ್ಥ ಅರ್ಧ ಸತ್ಯವಾಗಿದ್ದರೆ, ಉಳಿದ ಅರ್ಧವನ್ನು ಯಾರಾದರೂ ಹೇಳಬೇಕಷ್ಟೆ.

ಉಳಿದ ಅರ್ಧ ಹೇಳದೆ ಹೋದಾಗ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಚಿಂಚೋಳಿ ಕಡೆಯ ತಾಂಡಾವೊಂದರಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿ ಒಂದು ದೊಡ್ಡ ಆಸ್ಪತ್ರೆಯ ಪಡಸಾಲೆಯಿಂದ ನನಗೆ ಫೋನು ಮಾಡಿದಳು. “ಸರ, ಅಪ್ಪಗ ಮಷಿನ್ನಿಗೆ ಹಾಕ್ತೀವಿ ಅಂತಾರ್ರಿ. ಮಷಿನ್ನಿಗೆ ಹಾಕಿದವ್ರು ತಿರುಗಿ ಬರಂಗಿಲ್ಲ ಅಂತ ಎಲ್ಲಾರೂ ಅನ್ಲಾಕತ್ತಾರ. ಸೈ ಮಾಡ್ಬೇಕೋ ಬ್ಯಾಡೋ ತಿಳೀವಲ್ದು.” ಅವಳ ಕೈಗೆ ಕೊಟ್ಟಿದ್ದ ಎರಡು ಪುಟಗಳ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. “ಉಸಿರು ಯಾತಕ್ಕ ನಿಂತದ, ಅದು ವಾಸಿ ಆಗೂದದಾ ಅಂತ ಡಾಕ್ಟರ್ ಸಾಹೇಬ್ರಿಗೆ ಕೇಳವ್ವಾ” ಎಂದೆ. ವೈದ್ಯರು ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟರಂತೆ: ಎಣ್ಣಿ ಮೈಗೇರಿದೆ, ಉಸಿರೆಳೆಯುವ ಸ್ನಾಯುಗಳು ಸೋತಿವೆ, ವಿಷ ಇಳಿಯುವ ತನಕ ಯಂತ್ರ ಊದಬೇಕು, ಆಮೇಲೆ ತಾವೇ ಉಸಿರಾಡುವ ಸಂಭವ ಹೆಚ್ಚು. ಅವಳು ಸಹಿ ಹಾಕಿದಳು. ಹನ್ನೊಂದನೆಯ ದಿನ ನಳಿಕೆ ತೆಗೆದರು. ಆ ವೈದ್ಯರಲ್ಲಿ ಜ್ಞಾನಕ್ಕಾಗಲಿ ಕರುಣೆಗಾಗಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಆ ಅರ್ಧ ನಿಮಿಷದ ಪದ್ಧತಿಗೆ.

ಆ ಅರ್ಧ ನಿಮಿಷದಲ್ಲಿ ಹೇಳಬೇಕಾದದ್ದೇನು? ಕಮ್ಮಾರನ ಸಾಲೆಯನ್ನು ನೆನೆದರೆ ಸಾಕು. ಕುಲುಮೆ ಆರುವುದಕ್ಕೆ ಎರಡು ಕಾರಣಗಳಿರಬಹುದು: ತಿದಿಯನ್ನು ಒತ್ತುವ ಕೈ ಸೋತಿರಬಹುದು, ಇಲ್ಲವೆ ಒಲೆಯೇ ಬೂದಿ ಕೂತು ಗಾಳಿ ಆಡದೆ ಕಟ್ಟಿರಬಹುದು. ಉಸಿರಿನ ವೈಫಲ್ಯವೂ ಸ್ಥೂಲವಾಗಿ ಹೀಗೆಯೇ. ಕಟ್ಟುಹಾವು ಕಚ್ಚಿದಾಗ, ಕೆಲವು ಬಗೆಯ ಕೀಟನಾಶಕ ಮೈಗೇರಿದಾಗ ಸೋಲುವುದು ಕೈ. ಶ್ವಾಸಕೋಶ ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಹಾವು ಕಚ್ಚಿದವನ ರೆಪ್ಪೆ ಮುಚ್ಚಿ, ಕೈಕಾಲು ಬಿದ್ದು, ನೋಡಿದವರಿಗೆ ಸತ್ತಂತೆಯೇ ಕಂಡರೂ ಒಳಗೆ ಪ್ರಜ್ಞೆ ಇದ್ದೀತು. ಕೀಟನಾಶಕದ ವಿಷಯದಲ್ಲಿ ಇನ್ನೊಂದು ಮೋಸವಿದೆ. ಆರ್ಗನೋಫಾಸ್ಫೇಟ್ ವಿಷ ಸೇವಿಸಿದವರು ಮೊದಲ ಗಂಡಾಂತರದಿಂದ ಪಾರಾದ ಮೇಲೆ, ಒಂದರಿಂದ ನಾಲ್ಕು ದಿನಗಳ ನಡುವೆ ಸ್ನಾಯುಗಳು ಸೋತು ಉಸಿರು ನಿಲ್ಲಬಹುದೆಂದು ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬ ವೈದ್ಯರು ೧೯೮೭ರಲ್ಲಿ ತೋರಿಸಿಕೊಟ್ಟರು. ಅಟ್ರೋಪಿನ್ ಈ ಸೋಲನ್ನು ತಡೆಯಲಾರದು. ಆ ದಿನಗಳನ್ನು ದಾಟಿಸಬಲ್ಲದ್ದು ಯಂತ್ರ. ‘ಹುಷಾರಾದ’ ಎಂದು ಎರಡನೆಯ ದಿನವೇ ಮನೆಗೆ ಕರೆದೊಯ್ದವರ ಗತಿಯನ್ನು ಊಹಿಸಿಕೊಳ್ಳಬಹುದು.

ನ್ಯುಮೋನಿಯ, ರಕ್ತದ ನಂಜು, ಕೋವಿಡ್ ಮೊದಲಾದವುಗಳಲ್ಲಿ ಕೆಡುವುದು ಒಲೆ. ಶ್ವಾಸಕೋಶದ ಸಣ್ಣ ಗೂಡುಗಳಲ್ಲಿ ನೀರು ತುಂಬಿ ಪ್ರಾಣವಾಯು ರಕ್ತಕ್ಕೆ ದಾಟುವುದಿಲ್ಲ. ಇಲ್ಲಿ ದಾರಿ ಉದ್ದ, ಫಲ ಅನಿಶ್ಚಿತ. ಎರಡು ಕಡೆಯೂ ಯಂತ್ರ ಒಂದೇ, ರೋಗ ಬೇರೆ. ಯಂತ್ರವು ಯಾವ ರೋಗವನ್ನೂ ವಾಸಿಮಾಡುವುದಿಲ್ಲ, ವಾಸಿಯಾಗುವುದಕ್ಕೆ ಕಾಲವನ್ನು ಕೊಡುತ್ತದೆ. ಆ ಕಾಲಕ್ಕೆ ಬೆಲೆಯಿದೆಯೆ ಎಂಬುದು ರೋಗದ ಕಾರಣವನ್ನು ಅವಲಂಬಿಸಿದೆ. ಇಷ್ಟು ತಿಳಿದರೆ ‘ಮಷಿನ್ನಿಗೆ ಹಾಕಿದರೆ ಮುಗಿಯಿತು’ ಎಂಬ ಮಾತು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ಯಾರಿಗೂ ಹೊಳೆಯುತ್ತದೆ.

ಈ ವಿದ್ಯೆ ಬೆಳೆದ ಬಗೆಯೂ ಜನಕ್ಕೆ ತಿಳಿಯತಕ್ಕದ್ದು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಿನ ಸ್ನಾಯುಗಳಿಗೆ ಪಾರ್ಶ್ವ ಬಡಿದ ಮೊದಲ ೩೧ ರೋಗಿಗಳಲ್ಲಿ ೨೭ ಮಂದಿ ಸತ್ತರು. ಮೈಯನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಉಸಿರಾಡಿಸುವ ‘ಕಬ್ಬಿಣದ ಶ್ವಾಸಕೋಶ’ ಆ ಆಸ್ಪತ್ರೆಯಲ್ಲಿದ್ದದ್ದು ಒಂದೇ. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ, ಸಾಯುತ್ತಿದ್ದ ೧೨ ವರ್ಷದ ಹುಡುಗಿಯೊಬ್ಬಳ ಕೊರಳಿನಲ್ಲಿ ರಂಧ್ರ ಮಾಡಿಸಿ ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದ. ಹುಡುಗಿ ಬದುಕಿದಳು. ಉಳಿದವರಿಗೆ ಚೀಲ ಒತ್ತುವವರು ಯಾರು? ಸುಮಾರು ೧೫೦೦ ಮಂದಿ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು, ತಿಂಗಳುಗಟ್ಟಲೆ ಒತ್ತಿದರು. ನೂರಕ್ಕೆ ೮೦ ಮೀರಿದ್ದ ಸಾವು ೪೦ರ ಸುಮಾರಿಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ. ಅಂದರೆ ಅವುಗಳ ಮೂಲದಲ್ಲಿ ಇದ್ದದ್ದು ಹುಡುಗ ಹುಡುಗಿಯರ ಕೈ.

ಮುಂದೆ ಯಂತ್ರಗಳು ಬಂದವು. ೧೯೬೭ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು, ಬೇರೆಬೇರೆ ಕಾರಣಗಳಿಂದ ಒಂದೇ ರೀತಿಯಲ್ಲಿ ಶ್ವಾಸಕೋಶ ಕೆಟ್ಟ ೧೨ ರೋಗಿಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರ್ಣಿಸಿದರು. ಇಂದು ವೈದ್ಯರು ಎ.ಆರ್.ಡಿ.ಎಸ್. ಎನ್ನುವ ರೋಗಸ್ಥಿತಿ ಅದೇ. ಒಳಗೆ ಗಾಳಿ ಸಾಲದು ಎಂದರೆ ಹೆಚ್ಚು ಗಾಳಿ ತುಂಬಬೇಕೆಂಬುದು ಆಗಿನ ಸಹಜ ತರ್ಕ. ಆದರೆ ಕೆಟ್ಟ ಶ್ವಾಸಕೋಶದಲ್ಲಿ ಗಾಳಿಯಾಡುವ ಭಾಗ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ದೊಡ್ಡವರ ಅಳತೆಯ ಗಾಳಿ ತುಂಬಿದರೆ ಉಳಿದದ್ದೂ ಹರಿಯುತ್ತದೆ. ೨೦೦೦ದಲ್ಲಿ ಅಮೆರಿಕದಲ್ಲಿ ೮೬೧ ರೋಗಿಗಳ ಮೇಲೆ ನಡೆದ ಪರೀಕ್ಷೆ ಇದನ್ನು ಸ್ಥಾಪಿಸಿತು. ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗ್ರಾಮಿಗೆ ೧೨ ಮಿಲಿಲೀಟರು ಗಾಳಿ ಕೊಟ್ಟವರಲ್ಲಿ ನೂರಕ್ಕೆ ೩೯.೮ ಮಂದಿ ಸತ್ತರೆ, ೬ ಮಿಲಿಲೀಟರಿನಿಂದ ಆರಂಭಿಸಿದವರಲ್ಲಿ ಸತ್ತವರು ೩೧. ೨೦೧೩ರಲ್ಲಿ ಫ್ರಾನ್ಸಿನ ಗೆರಾನ್ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿದರು: ರೋಗ ಬಲವಾಗಿರುವವರನ್ನು ದಿನದ ಹೆಚ್ಚು ಹೊತ್ತು ಬೋರಲು ಮಲಗಿಸಿದರೆ, ೨೮ ದಿನಗಳೊಳಗಿನ ಸಾವು ನೂರಕ್ಕೆ ೩೨.೮ರಿಂದ ೧೬ಕ್ಕೆ ಇಳಿಯುತ್ತದೆ. ೨೦೨೦ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ಯಂತ್ರದ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ನೂರಕ್ಕೆ ೪೧.೪ರಿಂದ ೨೯.೩ಕ್ಕೆ ತಂದಿತು.

ಈ ಮೂರು ಶೋಧಗಳಲ್ಲಿ ಒಂದಾದರೂ ಹೊಸ ಯಂತ್ರದ ಶೋಧವಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಂದು, ಗಾಳಿಯನ್ನು ಕಡಿಮೆ ಮಾಡುವ ವಿವೇಕ; ಒಂದು, ನಾಲ್ಕೈದು ಜನ ಸೇರಿ ರೋಗಿಯನ್ನು ಜೋಪಾನವಾಗಿ ಹೊರಳಿಸುವ ದುಡಿಮೆ; ಇನ್ನೊಂದು, ಹಳೆಯ ಔಷಧದ ಹೊಸ ಬಳಕೆ. ೨೦೧೬ರಲ್ಲಿ ಪ್ರಕಟವಾದ, ೫೦ ದೇಶಗಳ ೪೫೯ ಘಟಕಗಳ ಸಮೀಕ್ಷೆಯಲ್ಲಿ ಎ.ಆರ್.ಡಿ.ಎಸ್. ಇದ್ದ ರೋಗಿಗಳ ಪೈಕಿ ನೂರಕ್ಕೆ ೬೦ ಮಂದಿಯಲ್ಲಿ ಮಾತ್ರ ವೈದ್ಯರು ರೋಗವನ್ನು ಗುರುತಿಸಿದ್ದರು; ಅತಿ ಬಲವಾದ ರೋಗದಲ್ಲಿಯೂ ಬೋರಲು ಮಲಗಿಸಿದ್ದು ನೂರಕ್ಕೆ ೧೬ ಮಂದಿಯನ್ನು. ಯಂತ್ರವಿದ್ದಲ್ಲಿಯೇ ಹೀಗೆ. ೨೦೨೦ರಲ್ಲಿ ಕೇಂದ್ರವು ಪಿ.ಎಂ. ಕೇರ್ಸ್ ನಿಧಿಯಿಂದ ೨೦೦೦ ಕೋಟಿ ರೂಪಾಯಿಗೆ ೫೦,೦೦೦ ವೆಂಟಿಲೇಟರುಗಳನ್ನು ಗೊತ್ತುಮಾಡಿತು. ಹಲವೆಡೆ ಅವುಗಳನ್ನು ನಡೆಸುವವರಿಲ್ಲದೆ ಮೂಲೆಗೆ ನಿಲ್ಲಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಯಂತ್ರವನ್ನು ಉದ್ಘಾಟಿಸುವುದು ಸುಲಭ. ಅದರ ಪಕ್ಕದಲ್ಲಿ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿರುವ ದಾದಿಯನ್ನು ಸಿದ್ಧಪಡಿಸುವುದು ಕಷ್ಟ.

ಇನ್ನೊಂದು ಸಂಗತಿ ಕನ್ನಡ ಓದಿದವರ ವಿಶೇಷ ಗಮನಕ್ಕೆ ಅರ್ಹವಾದದ್ದು. ‘ಲಕ್ಷಣ’ ಎಂಬ ಶಬ್ದ ನಮ್ಮಲ್ಲಿ ಶಾಸ್ತ್ರದ ನಿರ್ವಚನಕ್ಕೂ ರೋಗದ ಚಿಹ್ನೆಗೂ ಸಲ್ಲುತ್ತದೆ. ಎ.ಆರ್.ಡಿ.ಎಸ್.ಗೆ ೨೦೧೨ರಲ್ಲಿ ಬರ್ಲಿನ್ನಿನ ಹೆಸರಿನಲ್ಲಿ ಒಂದು ಲಕ್ಷಣವನ್ನು ಕಟ್ಟಿದರು. ಅದರಂತೆ ರೋಗಿ ನಿರ್ದಿಷ್ಟ ಒತ್ತಡದಲ್ಲಿ ಯಂತ್ರದ ಗಾಳಿ ಪಡೆಯುತ್ತಿರಬೇಕು, ಧಮನಿಯ ರಕ್ತದ ಪರೀಕ್ಷೆಯಾಗಿರಬೇಕು. ಯಂತ್ರವೇ ಇಲ್ಲದ ಊರಿನಲ್ಲಿ? ರುವಾಂಡದ ಕಿಗಾಲಿಯ ಆಸ್ಪತ್ರೆಯೊಂದರಲ್ಲಿ ಆರು ವಾರ ನಡೆಸಿದ ಎಣಿಕೆ ೨೦೧೬ರಲ್ಲಿ ಪ್ರಕಟವಾಯಿತು. ಬರ್ಲಿನ್ ಲಕ್ಷಣಕ್ಕೆ ಹೊಂದುವ ರೋಗಿ ಅಲ್ಲಿ ಒಬ್ಬನೂ ಸಿಗಲಿಲ್ಲ. ಬೆರಳಿಗೆ ಸಿಕ್ಕಿಸುವ ಅಳತೆಯ ಸಾಧನ, ಅಲ್ಟ್ರಾಸೌಂಡುಗಳನ್ನು ಒಪ್ಪಿ ಲಕ್ಷಣವನ್ನು ತಿದ್ದಿದಾಗ, ದಾಖಲಾದ ೧೦೪೬ರಲ್ಲಿ ೪೨ ಮಂದಿಗೆ ರೋಗವಿತ್ತು. ಅವರಲ್ಲಿ ಅರ್ಧದಷ್ಟು ಜನ ಸತ್ತರು. ನಮ್ಮ ಶಾಸ್ತ್ರಕಾರರು ಲಕ್ಷ್ಯವನ್ನು ಪೂರ್ತಿಯಾಗಿ ಮುಟ್ಟದ ಲಕ್ಷಣಕ್ಕೆ ‘ಅವ್ಯಾಪ್ತಿ’ ದೋಷವೆಂದು ಹೆಸರಿಟ್ಟರು. ಇಲ್ಲಿ ಅವ್ಯಾಪ್ತಿ ತರ್ಕದ ದೋಷವಾಗಿ ನಿಲ್ಲದೆ, ಬಡವರ ಸಾವು ಎಣಿಕೆಯಿಂದಲೇ ಬಿಟ್ಟುಹೋಗಲು ಕಾರಣವಾಯಿತು. ೨೦೨೩-೨೪ರಲ್ಲಿ ಪ್ರಕಟವಾದ ಹೊಸ ಜಾಗತಿಕ ಲಕ್ಷಣ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದೆ. ಇನ್ನು ಸೇಡಂನ ರೋಗಿಯನ್ನೂ ಎಣಿಸಬಹುದು, ಎಣಿಸುವ ಮನಸ್ಸಿದ್ದರೆ.

ಸೇಡಂ ತಾಲ್ಲೂಕಿನ ಮಳಖೇಡವೇ ಅಲ್ಲವೆ ರಾಷ್ಟ್ರಕೂಟರ ಮಾನ್ಯಖೇಟ! ಕಾಗಿಣಾ ನದಿಯ ದಂಡೆಯ ಆ ಆಸ್ಥಾನದಿಂದ, ಒಂಬತ್ತನೆಯ ಶತಮಾನದಲ್ಲಿ, ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಬಂದಿತು, ಅದು ಲಕ್ಷಣಗ್ರಂಥ. ವೈದ್ಯವೂ ಕನ್ನಡಕ್ಕೆ ಹೊಸದಲ್ಲ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ವನ್ನೂ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ಬರೆದರು. ೧೪ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪೂರ್ತಿಯಾಗಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತದ್ದು. ನಮ್ಮ ಕಾಲದಲ್ಲಿ ವೈದ್ಯೆ ಅನುಪಮಾ ನಿರಂಜನರ ‘ತಾಯಿ-ಮಗು’ ಎಷ್ಟೋ ಮನೆಗಳ ಕಪಾಟಿನಲ್ಲಿತ್ತು. ಹೀಗಿರಲಾಗಿ, ಎಣ್ಣಿಯ ವಿಷವನ್ನೂ ಅದಕ್ಕೆ ಯಂತ್ರ ಮಾಡಬಲ್ಲ ಉಪಕಾರವನ್ನೂ ಕನ್ನಡದಲ್ಲಿ ಹೇಳಲಾಗದೆಂದರೆ ನಂಬುವವರು ಯಾರು?

ಎರಡು ಆಕ್ಷೇಪಣೆಗಳನ್ನು ನಾನು ಬಲ್ಲೆ. ಪ್ರಾಣ ಹೋಗುತ್ತಿರುವಾಗ ಪಾಠ ಹೇಳುತ್ತ ಕೂಡಲು ವೈದ್ಯರಿಗೆ ಸಮಯವೆಲ್ಲಿ ಎಂಬುದು ಒಂದು. ನಿಜ; ಆದುದರಿಂದಲೇ ಮಾತನ್ನು ಮೊದಲೇ ಸಿದ್ಧಪಡಿಸಿ ಅಚ್ಚು ಹಾಕಿಸಿಟ್ಟಿರಬೇಕು. ಪರಿಭಾಷೆಯೇ ಇಲ್ಲದೆ ಕನ್ನಡದಲ್ಲಿ ಹೇಳುವುದೆಂತು ಎಂಬುದು ಎರಡನೆಯದು. ಇದು ನಮ್ಮವರೇ ಎತ್ತುವ ಆಕ್ಷೇಪಣೆ. ವೆಂಟಿಲೇಟರ್, ಮಷಿನ್, ಆಕ್ಸಿಜನ್ ಎಂಬ ಮಾತುಗಳು ಜನರ ಬಾಯಲ್ಲಿ ಆಗಲೇ ಇವೆ; ಇರಲಿ. ಅವುಗಳ ಬದಲು ನಾಲ್ಕು ಗೇಣಿನ ಸಂಸ್ಕೃತ ಸಮಾಸವನ್ನು ತಂದಿಟ್ಟರೆ ಪಡಸಾಲೆಯಲ್ಲಿ ನಿಂತ ಮಗಳಿಗೆ ಇನ್ನೊಂದು ಇಂಗ್ಲಿಷನ್ನು ಕೊಟ್ಟಂತಾಯಿತು. ನಮಗೆ ಬೇಕಾದದ್ದು ಹೊಸ ಪದಗಳಲ್ಲ, ಅರ್ಥವಾಗುವ ವಾಕ್ಯಗಳು. ಉಸಿರು ಏಕೆ ಸೋತಿತು? ಆ ಕಾರಣ ವಾಸಿಯಾಗತಕ್ಕದ್ದೆ? ಎಷ್ಟು ದಿನ ಕಾದು ನೋಡಬೇಕು? ಸಾಕೆಂದು ಯಾವಾಗ, ಯಾರು, ಹೇಗೆ ನಿರ್ಧರಿಸುತ್ತೀರಿ? ಈ ನಾಲ್ಕು ಪ್ರಶ್ನೆಗಳೂ ಅವಕ್ಕೆ ಉತ್ತರ ಬರೆಯುವ ಜಾಗವೂ ಇರುವ ಒಂದು ಪುಟ ಕನ್ನಡದಲ್ಲಿ ಪ್ರತಿ ಆಸ್ಪತ್ರೆಯಲ್ಲಿರಲಿ; ಗಡಿಯ ಈ ಸೀಮೆಯಲ್ಲಿ ಉರ್ದು ತೆಲುಗುಗಳಲ್ಲಿಯೂ ಇರಲಿ; ಲಂಬಾಣಿ ತಾಯಿಗೆ ಅವಳ ಮಾತಿನಲ್ಲಿ ಓದಿ ಹೇಳುವವರಿರಲಿ.

ನಾಲ್ಕನೆಯ ಪ್ರಶ್ನೆ ಕಠಿಣವಾದದ್ದು. ವರ್ಷಗಟ್ಟಲೆ ಸವೆದ ಶ್ವಾಸಕೋಶದ ಮುದುಕರಲ್ಲಿ ಯಂತ್ರ ಕೆಲವೊಮ್ಮೆ ಸಾವನ್ನು ಉದ್ದಮಾಡುತ್ತದಷ್ಟೆ. ಅಷ್ಟರಲ್ಲಿ ಹೊಲ ಅಡವು ಬಿದ್ದಿರುತ್ತದೆ. ಅದನ್ನೂ ಮುಚ್ಚಿಡದೆ ಹೇಳಬೇಕು. ಚೇತರಿಕೆಯ ಆಸೆಯಿಲ್ಲದಾಗ ಇಂಥ ಆಸರೆಯನ್ನು ಹಿಂತೆಗೆಯುವ ದಾರಿಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ತೆರೆದು ೨೦೨೩ರಲ್ಲಿ ಸುಲಭಗೊಳಿಸಿತು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಹಕ್ಕು ಬಂದಿದೆ. ಅದನ್ನು ನಮ್ಮ ಹಳ್ಳಿಯವರು ಯಾವ ಮಾತಿನಲ್ಲಿ ಕೇಳಿ ತಿಳಿಯಬೇಕು?

ಭಾಷೆ ಬಾಗಿಲ ಹೊರಗಿನ ವಿಷಯ ಮಾತ್ರವೂ ಅಲ್ಲ. ೨೦೦೦ದಲ್ಲಿ ಷಿಕಾಗೊದ ವೈದ್ಯರು, ಯಂತ್ರದ ಮೇಲಿರುವವರ ಮಂಪರಿನ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ಎಚ್ಚರಿಸುವ ಪದ್ಧತಿಯನ್ನು ೧೨೮ ರೋಗಿಗಳಲ್ಲಿ ಪರೀಕ್ಷಿಸಿದರು. ಯಂತ್ರದ ಮೇಲಿನ ಕಾಲ ಸರಾಸರಿ ಏಳು ಚಿಲ್ಲರೆ ದಿನಗಳಿಂದ ಐದು ದಿನಗಳೊಳಕ್ಕೆ ಇಳಿಯಿತು. ಎಚ್ಚರಿಸುವುದೆಂದರೆ ಏನು? ‘ಕಣ್ಣು ತೆರೀರಿ, ನನ್ನ ಕೈ ಹಿಡೀರಿ’ ಎಂದು ಹೇಳಿ, ಅವರು ಕೇಳಿಸಿಕೊಂಡರೆ ಎಂದು ನೋಡುವುದು. ರೋಗಿಯ ಮಾತಿನಲ್ಲಿ ಹೇಳಿದರೆ ತಾನೆ ರೋಗಿ ಕೇಳಿಸಿಕೊಂಡಾನು!

ನನ್ನ ಸಲಹೆಗಳು ಕಡಿಮೆ. ಈ ಸೀಮೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಂಬಬಹುದಾದ ಆಕ್ಸಿಜನ್ ಇರಬೇಕು. ರೋಗಿ ಕಲಬುರಗಿ ಮುಟ್ಟುವ ತನಕ ಕೈಚೀಲ ಒತ್ತಿ ಉಸಿರನ್ನು ಹಿಡಿದಿಡಬಲ್ಲ, ಆ ಕೆಲಸದಲ್ಲಿ ತರಬೇತಾದ ಸಿಬ್ಬಂದಿ ಇರಬೇಕು. ಆ ಚೀಲ ಮೊದಲು ತಯಾರಾದದ್ದೂ ೧೯೫೬ರಲ್ಲಿ, ಅದೇ ಡೆನ್ಮಾರ್ಕಿನಲ್ಲಿ. ಯಂತ್ರದ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಎರಡನೆಯದು, ನಾನು ಹೇಳಿದ ಆ ಒಂದು ಪುಟ. ಅದನ್ನು ವೈದ್ಯರು ಒಬ್ಬರೇ ಬರೆಯಲಾರರು, ನಾವೂ ಒಬ್ಬರೇ ಬರೆಯಲಾರೆವು. ಜಿಲ್ಲೆಯ ವೈದ್ಯಕೀಯ ಕಾಲೇಜುಗಳೂ ಕನ್ನಡ ವಿಭಾಗಗಳೂ ಒಂದು ಮೇಜಿನ ಸುತ್ತ ಕೂಡಬೇಕು. ನಮ್ಮ ಎಂ.ಎ. ವಿದ್ಯಾರ್ಥಿಗಳು ಪ್ರತಿವರ್ಷ ಬರೆಯುವ ಪ್ರಬಂಧಗಳಲ್ಲಿ ಒಂದೆರಡಾದರೂ ಈ ಕೆಲಸಕ್ಕೆ ಒದಗಿದರೆ ಸಾಹಿತ್ಯಕ್ಕೆ ಕುಂದೇನೂ ಬಾರದು.

ಕನ್ನಡ ಉಳಿಯಬೇಕೆಂದು ನಾವು ವೇದಿಕೆಗಳ ಮೇಲೆ ಹೇಳುತ್ತ ಬಂದಿದ್ದೇವೆ. ಮನುಷ್ಯನ ಅತ್ಯಂತ ಕಷ್ಟದ ಗಳಿಗೆಯಲ್ಲಿ ಅವನಿಗೆ ಅರ್ಥವನ್ನು ಒದಗಿಸುವ ಭಾಷೆ ಯಾರ ಅಪ್ಪಣೆಯಿಲ್ಲದೆಯೂ ಉಳಿಯುತ್ತದೆ. ಆ ಗಳಿಗೆಯಲ್ಲಿ ಕನ್ನಡ ಬಾಗಿಲ ಹೊರಗೆ ಮೂಕವಾಗಿ ನಿಲ್ಲುವಂತಾದರೆ, ಅದನ್ನು ಓದಿ, ಓದಿಸಿ, ಸಂಬಳ ತೆಗೆದುಕೊಳ್ಳುವ ನಾವು ಉತ್ತರ ಹೇಳಬೇಕಾಗುತ್ತದೆ.